ಪ್ಲಗ್ ಹಾಕ್ರಿ, ಏನೂ ಆಗಲ್ಲ ಬಿಡ್ರಿ

ಮೊಬೈಲ್ ತೆಗೆದರೆ ಸಾಕು, ಈಗ ಅದೇ ಜಾಹೀರಾತು. ಎರಡು ಸೋಲಾರ್ ಪ್ಯಾನೆಲ್‌ಗಳನ್ನು ಬಾಲ್ಕನಿ ಕಂಬಿಗೆ ಕಟ್ಟಿ, ವೈರಿನ ತುದಿಯ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಕರೆಂಟ್ ಬಿಲ್ ಮರೆತುಬಿಡಿ. ದಾವಣಗೆರೆ ಬಿಸಿಲನ್ನು ನೋಡಿಯೇ ಯಾರೋ ಬರೆದಂತಿದೆ. ಏಪ್ರಿಲ್‌ನಲ್ಲಿ ನಮ್ಮ ತಾರಸಿ ಮೇಲೆ ಹಪ್ಪಳ ಹರವಿ ಮೆಟ್ಟಿಲು ಇಳಿಯುವುದರೊಳಗೆ ಒಂದು ಮಗ್ಗುಲು ಒಣಗಿರುತ್ತದೆ. ಇಂಥ ಬಿಸಿಲಲ್ಲಿ 800 ವ್ಯಾಟ್ ಪ್ಯಾನೆಲ್ ಇಟ್ಟರೆ ದಿನಕ್ಕೆ ಮೂರು ಯೂನಿಟ್ ಆಸುಪಾಸು ಸಿಕ್ಕೇ ಸಿಗುತ್ತದೆ. ನಾನು ವಿರೋಧಿಯಲ್ಲ. ಅಪಾಯ ಇಲ್ಲವಾ ಎಂದು ಅಂಗಡಿಯವನನ್ನು ಕೇಳಿದೆ, ಅಷ್ಟೇ. ಅವನು ನಮ್ಮ ಜಿಲ್ಲೆಯ ಅಧಿಕೃತ ಸುರಕ್ಷತಾ ಪ್ರಮಾಣಪತ್ರವನ್ನು ಬಾಯಲ್ಲೇ ಕೊಟ್ಟ: "ಏನೂ ಆಗಲ್ಲ ಬಿಡ್ರಿ ಸಾರ್."

ಈ ಪ್ರಮಾಣಪತ್ರದ ಮೇಲೆಯೇ ನಮ್ಮೂರು ನಿಂತಿದೆ. ಪ್ಲಗ್ ಇಲ್ಲದ ವೈರಿನ ಎರಡು ತುದಿ ಸುಲಿದು ಸಾಕೆಟ್ ತೂತಿಗೆ ತೂರಿಸಿ, ಜಾರದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿದವರು ನಾವು. ನೋಡಿ, ಬೆಂಕಿ ಹಚ್ಚುವ ಕಡ್ಡಿಯೇ ಆಗಬೇಕು, ಬೇರೆ ಯಾವ ಕಡ್ಡಿಯೂ ಒಪ್ಪಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಎರಡೇ ತೂತಿನ ಸಾಕೆಟ್ ಎದುರಾದರೆ ಅರ್ಥಿಂಗ್ ಪಿನ್ನನ್ನು ಇಕ್ಕಳದಿಂದ ಮುರಿಯುತ್ತೇವೆ. ಕಿಟ್‌ಕ್ಯಾಟ್ ಫ್ಯೂಸ್ ಪದೇ ಪದೇ ಹೋಗುತ್ತದೆಯೇ? ದಪ್ಪ ತಂತಿ ಸುತ್ತಿ. ಕರೆಂಟು ಮಿತಿ ಮೀರಿದರೆ ತಾನೇ ಬಂದ್ ಆಗುವ ಸ್ವಿಚ್ಚು, ಅಂದರೆ ಎಂಸಿಬಿ, ಬೀಳುತ್ತದೆಯೇ? 16 ಆಂಪ್ ತೆಗೆದು 32 ಹಾಕಿ. ಕಾವಲು ನಾಯಿ ಬೊಗಳಿದರೆ ನಿದ್ದೆ ಕೆಡುತ್ತದೆ ಎಂದು ಅದರ ಬಾಯಿ ಹೊಲಿದ ಹಾಗೆ.

ಇಂಥ ಮನೆಯ ವೈರಿಂಗಿಗೆ ಈಗ ಇನ್ನೊಂದು ಕಡೆಯಿಂದ ಕರೆಂಟು ನುಗ್ಗಿಸಬೇಕು. ಬೋರ್ಡಿನಲ್ಲಿರುವ ಎಂಸಿಬಿ ತನ್ನ ಮೂಲಕ ಹೋಗುವ 16 ಆಂಪ್ ಮಾತ್ರ ಲೆಕ್ಕ ಹಾಕುತ್ತದೆ. ಅದೇ ಲೈನಿನ ಸಾಕೆಟ್ಟಿಗೆ ಪ್ಯಾನೆಲ್ ಸುರಿದ ಮೂರೂವರೆ ಆಂಪ್ ಅದರ ಕಣ್ಣಿಗೇ ಬೀಳದು. ಗೋಡೆಯೊಳಗಿನ ವೈರು ಹತ್ತೊಂಬತ್ತೂವರೆ ಆಂಪ್ ಹೊತ್ತು ಬೆಚ್ಚಗಾಗುತ್ತಿದ್ದರೂ ಎಂಸಿಬಿ ಆರಾಮಾಗಿ ಕೂತಿರುತ್ತದೆ. ಪ್ಲಗ್ ಕಿತ್ತರೆ ಪಿನ್ನುಗಳು ಹೊರಗೆ, ಬಿಸಿಲು ಮಾತ್ರ ಪ್ಯಾನೆಲ್ ಮೇಲೆ ಹಾಗೇ. ಪ್ಯಾನೆಲ್ಲಿನ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಪೆಟ್ಟಿಗೆಯೇ ಇನ್ವರ್ಟರ್. ಅದು ಒಳ್ಳೆಯದಾದರೆ ಕ್ಷಣದಲ್ಲಿ ಕರೆಂಟು ನಿಲ್ಲಿಸುತ್ತದೆ. ಕಳಪೆಯದಾದರೆ ಏನಾಗುತ್ತದೆ ಎಂದು ಮನೆಯ ಮಗು ಮುಟ್ಟಿ ನೋಡಬೇಕು.

ಜರ್ಮನಿಯಲ್ಲಿ ಇಲ್ಲವಾ ಎನ್ನುತ್ತಾರೆ. ಇದೆ. ಅಲ್ಲಿ ನೋಂದಣಿಯಾದ ಬಾಲ್ಕನಿ ಸೋಲಾರ್ 2025ರಲ್ಲೇ 10 ಲಕ್ಷ ದಾಟಿತು. ಇನ್ವರ್ಟರಿಗೆ 800 ವ್ಯಾಟ್ ಮಿತಿ, ಲೈನಿನ ಕರೆಂಟು ಹೋದ ತಕ್ಷಣ ತಾನೂ ಬಂದ್ ಆಗಲೇಬೇಕೆಂಬ ಕಟ್ಟಳೆ, ಕೊಂಡವನೇ ಆನ್‌ಲೈನಿನಲ್ಲಿ ನೋಂದಾಯಿಸಿದರೆ ಮುಗೀತು. ಅಮೆರಿಕದ ಯೂಟಾ ರಾಜ್ಯವೂ 2025ರಲ್ಲಿ 1,200 ವ್ಯಾಟ್‌ವರೆಗೆ ಕಾನೂನು ಮಾಡಿಕೊಂಡಿತು. ನಾವು ಅಲ್ಲಿಂದ ಪ್ಲಗ್ ಮಾತ್ರ ತಂದೆವು. ಕಟ್ಟಳೆ ತರಲು ಬ್ಯಾಗಿನಲ್ಲಿ ಜಾಗ ಇರಲಿಲ್ಲ.

ನೆಟ್ಟಗೆ ಅರ್ಜಿ ಹಾಕಿ ಮಾಡಿಸೋಣ ಎಂದರೆ ಕೇಂದ್ರದ ಸೂರ್ಯಘರ್ ಯೋಜನೆ ಇದೆ, ಮೂರು ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ. ಆರ್.ಆರ್. ನಂಬರ್, ಸ್ವಂತ ತಾರಸಿ, ನೋಂದಾಯಿತ ವೆಂಡರ್, ಎರಡು ಕಡೆ ಓದುವ ಮೀಟರ್, ಆಮೇಲೆ ಪರಿಶೀಲನೆ. ಬಾಡಿಗೆ ಮನೆಯವನಿಗೆ ತಾರಸಿ ಎಲ್ಲಿಂದ ಬರಬೇಕು? ಅಲ್ಲಿ ಓನರಿನ ಸಿಂಟೆಕ್ಸ್ ಮತ್ತು ಓನರಮ್ಮನ ಸಂಡಿಗೆ. ಅಷ್ಟಕ್ಕೂ ಗೃಹಜ್ಯೋತಿಯ ದಯೆಯಿಂದ ನಮ್ಮ ಓಣಿಯ ಅರ್ಧ ಮನೆಗಳ ಬಿಲ್ 2023ರಿಂದ ಸೊನ್ನೆ. ದಿಲ್ಲಿ ಸರ್ಕಾರ ಬಿಲ್ ಸೊನ್ನೆ ಮಾಡಲು ಪ್ಯಾನೆಲ್ ಕೊಡುತ್ತದೆ, ಬೆಂಗಳೂರು ಸರ್ಕಾರ ಸೊನ್ನೆ ಬಿಲ್ಲನ್ನೇ ಕೊಡುತ್ತದೆ. ಮಧ್ಯೆ ಸೂರ್ಯ ಪಾಪ ದಿನವೂ ಡ್ಯೂಟಿಗೆ ಬಂದು ಹೋಗುತ್ತಿದ್ದಾನೆ.

ಅಸಲಿಗೆ ಸಣ್ಣದೆಂದರೇ ನಮಗೆ ತಾತ್ಸಾರ. ಕಾರುಗಳನ್ನೇ ನೋಡಿ. ಚೌಕಿಪೇಟೆಯಲ್ಲಿ ಎದುರಿನಿಂದ ಒಂದು ಎತ್ತು ಬಂದರೂ ಟ್ರಾಫಿಕ್ ಜಾಮ್, ಆದರೆ ಬೆಣ್ಣೆ ದೋಸೆ ತಿನ್ನಲು ಬರುವವನು ಎರಡು ಟನ್ನಿನ ಎಸ್‌ಯುವಿಯಲ್ಲೇ ಬರಬೇಕು. ತೂಗಿದರೆ ದೋಸೆ ಇನ್ನೂರು ಗ್ರಾಂ ಇರಲಿಕ್ಕಿಲ್ಲ. ಜಪಾನಿನವರು 3.4 ಮೀಟರ್ ಉದ್ದ, ಒಂದೂವರೆ ಮೀಟರಿಗೂ ಕಮ್ಮಿ ಅಗಲ, 660 ಸಿಸಿ ಎಂದು ಗೆರೆ ಎಳೆದು ಕೇ ಕಾರುಗಳಲ್ಲಿ ಖುಷಿಯಾಗಿ ಓಡಾಡುತ್ತಾರೆ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರರಲ್ಲೊಂದು ಅಂಥದ್ದು. ನಮ್ಮಲ್ಲಿ ನ್ಯಾನೋ ಬಂತು, 3.1 ಮೀಟರ್. "ಬಡವರ ಕಾರು" ಎಂದು ಕರೆದ ದಿನವೇ ಅದರ ಕತೆ ಮುಗೀತು. ಬಡವನಿಗೂ ಬಡವರ ಕಾರು ಬೇಡ ಸ್ವಾಮಿ. 2018ಕ್ಕೆ ತಯಾರಿಕೆಯೇ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದಾಗ ಸಣ್ಣ ಪೆಟ್ರೋಲ್ ಕಾರಿನ ಒಟ್ಟು ತೆರಿಗೆ ಶೇ. 29ರಿಂದ 18, ದೊಡ್ಡ ಎಸ್‌ಯುವಿಯದು ಶೇ. 50ರಿಂದ 40. ಸಣ್ಣ ಕಾರಿಗೆ ವರದಾನ ಎಂದು ಟಿವಿಯವರು ಕುಣಿದರು. ತೆರಿಗೆಗೆ ಮುಂಚೆ ಐದು ಲಕ್ಷದ ಕಾರಿನವನಿಗೆ 55 ಸಾವಿರ ಉಳಿದರೆ ಇಪ್ಪತ್ತು ಲಕ್ಷದವನಿಗೆ 2 ಲಕ್ಷ ಉಳಿಯಿತು. ದೋಸೆಗೆ ಎಕ್ಸ್‌ಟ್ರಾ ಬೆಣ್ಣೆ ಅವನೇ ಹಾಕಿಸಿಕೊಳ್ಳಲಿ.

ನಿಜವಾದ ಸಣ್ಣ ಗಾಡಿ ಎಂದರೆ ಟಿವಿಎಸ್ ಎಕ್ಸೆಲ್. ನೂರು ಸಿಸಿ ಕೂಡ ತುಂಬಿಲ್ಲ. ಮಂಡಕ್ಕಿ ಭಟ್ಟಿಯಿಂದ ಹೊರಡುವ ಎಕ್ಸೆಲ್ ನೋಡಿದ್ದೀರಲ್ಲ, ಆಳೆತ್ತರದ ಚೀಲಗಳ ಗುಡ್ಡ, ನಡುವೆ ಓಡಿಸುವವನ ಎರಡು ಕಣ್ಣು. ನಮ್ಮ ಲೈನ್‌ಮನ್ ಬರುವುದೂ ಅದರಲ್ಲೇ. ಹಿಂದೆ ಕೂತ ಹುಡುಗನ ಹೆಗಲ ಮೇಲೆ ಏಣಿ, ಹ್ಯಾಂಡಲ್ಲಿಗೆ ನೇತುಬಿದ್ದ ಕೈಚೀಲದಲ್ಲಿ ಒಂದು ಕಟಿಂಗ್ ಪ್ಲೈಯರ್ ಮತ್ತು ಟೆಸ್ಟರ್. ಕೈಗವಸು ಎಲ್ಲಿ ಎಂದರೆ ನಗುತ್ತಾನೆ.

ನಗುವ ಮಾತಲ್ಲ ಇದು. ಅವನು ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಬಂದ್ ಮಾಡಿ ಕಂಬ ಹತ್ತುತ್ತಾನೆ. ಅದೇ ಹೊತ್ತಿಗೆ ಯಾವನೋ ಮಹಾನುಭಾವ ಎರಡೂ ತುದಿಗೆ ಪಿನ್ ಇರುವ ವೈರಿನಲ್ಲಿ ಜನರೇಟರನ್ನು ಮನೆ ಸಾಕೆಟ್ಟಿಗೆ ಚುಚ್ಚಿರುತ್ತಾನೆ, ಮೇನ್ ಸ್ವಿಚ್ ತೆಗೆಯದೆ. ನಾಳೆ ಕಳಪೆ ಸೋಲಾರ್ ಇನ್ವರ್ಟರೂ ಆ ಸಾಲಿಗೆ ಸೇರುತ್ತದೆ. ಹಿಂದಕ್ಕೆ ಹರಿದ ಕರೆಂಟು ಟಿಸಿಯನ್ನು ಉಲ್ಟಾ ದಾಟಿದರೆ 230 ವೋಲ್ಟ್ ಹೋಗಿ 11 ಸಾವಿರ ಆಗಬಲ್ಲದು. ಸತ್ತ ಲೈನು ಎಂದು ಹಿಡಿದವನು ಸಾಯುತ್ತಾನೆ. ಪೇಪರಿನಲ್ಲಿ ಒಂದು ಕಾಲಮ್ಮಿನ ಸುದ್ದಿ, "ಆಕಸ್ಮಿಕ ವಿದ್ಯುತ್ ಸ್ಪರ್ಶ". ಯಾವ ಆಕಸ್ಮಿಕ? ಪಿನ್ ಮುರಿದವನಿಗೆ, ಕಳಪೆ ಪೆಟ್ಟಿಗೆ ಮಾರಿದವನಿಗೆ, ಕೈಗವಸು ಕೊಡದ ಗುತ್ತಿಗೆದಾರನಿಗೆ, ಎಂಥ ಇನ್ವರ್ಟರ್ ಮಾರಬೇಕೆಂದು ಪೆಟ್ಟಿಗೆ ಮೇಲೆ ಎರಡು ಸಾಲು ಕನ್ನಡದಲ್ಲಿ ಬರೆಸಲಾಗದವರಿಗೆ ಎಲ್ಲ ಗೊತ್ತಿತ್ತು. ಸಾಕಾಗಿದೆ.

ಅವನಿನ್ನೂ ಕಂಬದ ಅರ್ಧಕ್ಕೆ ಏರಿರುವುದಿಲ್ಲ, ಕೆಳಗೆ ಚೀಲದಲ್ಲಿ ಮೊಬೈಲ್ ಬಡಿದುಕೊಳ್ಳುತ್ತಿರುತ್ತದೆ. ಮೂರನೇ ಕ್ರಾಸಿನಿಂದ ಫೋನು, ಸೀರಿಯಲ್ ಶುರುವಾಗಿದೆ, ಕರೆಂಟು ಎಷ್ಟೊತ್ತಿಗೆ ಕೊಡ್ತೀರಿ?