ಮಂಡಿ ಚೀಟಿ ಓದುವವರು ಒಪ್ಪಿಗೆ ಪತ್ರ ಯಾಕೆ ಓದಲ್ಲ?

ನಾನಿರೋದು ಅಮೆರಿಕದಲ್ಲಿ. ಗುರುವಾರ ವಾಷಿಂಗ್ಟನ್ ಹತ್ತಿರದ ಬೆಥೆಸ್ಡಾಕ್ಕೆ ಹೋಗಬೇಕು, ರಜೆ ಹಾಕ್ತೀನಿ ಅಂತ ಆಫೀಸಿನ ಗೆಳೆಯ ಊಟದ ಹೊತ್ತಿಗೆ ಹೇಳಿದ. ಯಾಕೆ ಅಂದೆ. ತನಗೆ ಎಚ್‌ಐವಿ ಇದೆ, ಅಲ್ಲಿನ ಸರ್ಕಾರಿ ಸಂಶೋಧನಾ ಆಸ್ಪತ್ರೆಯ ಒಂದು ಅಧ್ಯಯನಕ್ಕೆ ಸೇರಿದ್ದೀನಿ ಅಂದ. ನಮ್ಮಲ್ಲಿ ಬಿಪಿ ಇದೆ ಅಂತಾರಲ್ಲ, ಅಷ್ಟು ಸಲೀಸಾಗಿ. ಊರಲ್ಲಾದರೆ ಎಚ್‌ಐವಿ ಮಾತ್ರೆ ತರಲು ಗುರುತಿನವರು ಸಿಗದ ಊರಿಗೆ ಬಸ್ ಹತ್ತುತ್ತಾರೆ. (ಬರೆಯಬಹುದಾ ಅಂತ ಕೇಳಿದೆ. ಹೆಸರೊಂದು ಬೇಡ ಅಂದ.)

ನನಗೆ ಇನ್ನೂ ಆಶ್ಚರ್ಯ ಆಗಿದ್ದು ಅವನ ಬ್ಯಾಗಿನಲ್ಲಿದ್ದ, ಅಧ್ಯಯನಕ್ಕೆ ಸೇರುವ ಮುಂಚೆ ಸಹಿ ಹಾಕುವ ಒಪ್ಪಿಗೆ ಪತ್ರ ನೋಡಿ. ಅಂಚಿನ ತುಂಬ ಪೆನ್ಸಿಲ್ ಬರಹ. ಎಷ್ಟು ರಕ್ತ ತೆಗೀತೀರಿ? ಉಳಿದದ್ದನ್ನು ಎಷ್ಟು ವರ್ಷ ಇಡ್ತೀರಿ? ಮಧ್ಯದಲ್ಲಿ ಬಿಟ್ಟರೆ ನನ್ನ ಮಾತ್ರೆ ನಿಲ್ಲುತ್ತಾ? ಎಲ್ಲದಕ್ಕೂ ನರ್ಸ್ ಉತ್ತರ ಕೊಟ್ಟ ಮೇಲೇ ಸಹಿ ಹಾಕಿದನಂತೆ.

ಈಗ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನನ್ನು ನೋಡಿ. ಅವರಿಗೆ ರುಮಟಾಯ್ಡ್ ಸಂಧಿವಾತ. ಕಾಯಿಲೆಯಿಂದ ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಮೇಲೆ ಬೀಳುವ ರೋಗ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಯಾವುದೋ ಅಧ್ಯಯನಕ್ಕೆ ಸಹಿ ಹಾಕಿ ಬಂದಿದ್ದರು. ಏನು ಬರೆದಿತ್ತು ಚಿಕ್ಕಪ್ಪ ಅಂದರೆ, "ಎಂತ ಮಾರಾಯ, ಡಾಕ್ಟ್ರು ಬೇಡದ್ದಕ್ಕೆ ಸಹಿ ಹಾಕಿಸ್ಕೊಳ್ತಾರಾ?"

ಇದೇ ಚಿಕ್ಕಪ್ಪ ಅಡಿಕೆ ಮಂಡಿಯಲ್ಲಿ ಬೇರೆಯೇ ಮನುಷ್ಯ. ಅಡಿಕೆ ತರಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲಿಗೆ ಯಾಕೆ ಈ ರೇಟು? ಕನ್ನಡಕ ಏರಿಸಿ ಚೀಟಿಯ ಒಂದೊಂದು ಸಾಲಿಗೂ ಊದಿದ ಬೆರಳಿಟ್ಟು ಕೇಳುತ್ತಾರೆ. ಅರ್ಧ ಕೆಜಿ ವ್ಯತ್ಯಾಸಕ್ಕೆ ಮತ್ತೆ ತೂಕ ಹಾಕಿಸುತ್ತಾರೆ. ಸ್ವಂತ ಮೈ ವಿಷಯಕ್ಕೆ ಮಾತ್ರ ಕನ್ನಡಕ ಜೇಬಿನಲ್ಲೇ!

ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಎಚ್‌ಐವಿ ಇದ್ದವರಲ್ಲಿ ಸಿಡಿ4 ಕಣಗಳು (ಸೋಂಕಿನಿಂದ ಕಾಯುವ ಬಿಳಿ ರಕ್ತಕಣಗಳು) ಇಳಿಯುವ ತನಕ ಕಾದು ಮಾತ್ರೆ ಶುರು ಮಾಡುವುದು ಹಿಂದಿನ ಪದ್ಧತಿ. ಸ್ಟಾರ್ಟ್ ಎಂಬ ಅಧ್ಯಯನಕ್ಕೆ 35 ದೇಶಗಳ 4,685 ಜನ ಸೇರಿದರು. ಎಲ್ಲರ ಸಿಡಿ4 ಎಣಿಕೆಯೂ 500ಕ್ಕಿಂತ ಮೇಲಿತ್ತು. ಸುಮಾರು ಅರ್ಧ ಜನಕ್ಕೆ ಕೂಡಲೇ ಮಾತ್ರೆ, ಉಳಿದವರಿಗೆ 350ಕ್ಕೆ ಇಳಿದ ಮೇಲೆ. ಬೇಗ ಶುರು ಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವಿನ ಅಪಾಯ ಅರ್ಧಕ್ಕಿಂತ ಜಾಸ್ತಿ ಕಡಿಮೆ ಅಂತ 2015ರಲ್ಲಿ ಗೊತ್ತಾಯಿತು. 2017ರಿಂದ ಭಾರತದಲ್ಲೂ ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಶುರು. ಸಾಗರದಲ್ಲೋ ಹೊಸನಗರದಲ್ಲೋ ಇರುವವರಿಗೆ ಇವತ್ತು ಕಾಯದೆ ಮಾತ್ರೆ ಸಿಗುತ್ತಿದ್ದರೆ, ಅದರಲ್ಲಿ ಆ ಸಾವಿರಾರು ಜನರ ಪಾಲೂ ಇದೆ. ಆದರೆ ಕೇಳಿ ಸಹಿ ಹಾಕಿ ಅಂತ ಅಷ್ಟೇ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಪತ್ರದ ಪ್ರತಿ ಕೊಡಬೇಕು ಅನ್ನೋ ನಿಯಮ ನಮ್ಮಲ್ಲೂ ಇದೆ.

ಇಲ್ಲಿ ಅಮೆರಿಕದವರು ಹುಟ್ಟುತ್ತಲೇ ಜಾಣರು ಅಂತಲೂ ಅಲ್ಲ, ಒಪ್ಪಿಕೊಳ್ಳಲೇಬೇಕು. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಜನಾಂಗದ ಗಂಡಸರಿಗೆ ಸರಿಯಾದ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ಸುಮ್ನೆ ನೋಡುತ್ತಾ ಕೂತಿದ್ದರು. ಮಾಡಿದ್ದು ಸರ್ಕಾರವೇ. ನನ್ನ ಗೆಳೆಯನೂ ಕಪ್ಪು ಜನಾಂಗದವ. ಅವನ ಪೆನ್ಸಿಲ್ ಚೂಪಾಗಿರೋದು ಸುಮ್ಮನೆ ಅಲ್ಲ. ಇತ್ತ ಚಿಕ್ಕಪ್ಪನ ಡಾಕ್ಟರು ರಾತ್ರಿ ಒಂಬತ್ತಕ್ಕೂ ಫೋನ್ ಎತ್ತುತ್ತಾರೆ, ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸುತ್ತಾರೆ. ಅಂಥವರನ್ನು ನಂಬದೆ ಇರೋದೂ ಕಷ್ಟ ಅಲ್ವಾ?

ಆದರೂ ಮೊನ್ನೆ ಫೋನಲ್ಲಿ, ಆ ಪತ್ರದ ಪ್ರತಿ ಎಲ್ಲಿ ಅಂತ ಕೇಳಿದೆ. ಬೀರುವಲ್ಲಿ ನೋಡ್ತೀನಿ ಅಂದರು. ಸಿಕ್ಕಿದರೆ ವಾಟ್ಸಾಪ್ ಮಾಡಿ ಚಿಕ್ಕಪ್ಪ, ನಾನೇ ಓದಿ ಹೇಳ್ತೀನಿ ಅಂದಿದ್ದೀನಿ.