ಮಾಮಾ ಒತ್ತಿದ ವಿಸರ್ಗ

ಸರಕಾರಿ ವೆಬ್‌ಸೈಟ್‌ಗಳ ಮೇಲ್ಗಡೆ ಮೂಲೆಯಲ್ಲಿ ಒಂದು ಭೂತಗನ್ನಡಿ ಇರುತ್ತದೆ, ನೋಡಿರುತ್ತೀರಿ. ಅದರ ಪಕ್ಕದ ಡಬ್ಬಿಯಲ್ಲಿ ಏನಾದರೂ ಬರೆದು ಒತ್ತಿದರೆ ಆ ಇಲಾಖೆಯ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರಬೇಕು ಅಂತ ಲೆಕ್ಕ. ಬರುವುದು ಮಾತ್ರ ಒಂದೇ ಸಾಲು: ಯಾವುದೇ ಫಲಿತಾಂಶ ಸಿಗಲಿಲ್ಲ. ಒಮ್ಮೆ ಸುಮ್ನೆ ಪರೀಕ್ಷೆ ಮಾಡೋಣ ಅಂತ ಒಂದು ಇಲಾಖೆಯ ಡಬ್ಬಿಯಲ್ಲಿ ಆ ಇಲಾಖೆಯ ಹೆಸರನ್ನೇ ಬರೆದೆ. ಅದೂ ಸಿಗಲಿಲ್ಲವಂತೆ. ಆ ಸಾಲಿನ ಮೇಲೆಯೇ, ಬೆರಳುದ್ದದ ಅಕ್ಷರದಲ್ಲಿ, ಇಲಾಖೆಯ ಹೆಸರು ನಗುತ್ತ ನಿಂತಿತ್ತು.

ಇಂಥಲ್ಲಿ ಹೊರಗಿನವರನ್ನು ಕೇಳುವುದೇ ವಾಸಿ. ಕಚೇರಿಯಲ್ಲಿ ನಿಮ್ಮ ಫೈಲ್ ಯಾವ ಟೇಬಲ್ ಮೇಲಿದೆ ಎಂದು ವಿಚಾರಣೆ ಕಿಟಕಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ, ಚಹಾ ಕೊಡುವ ಹುಡುಗನಿಗೆ ಗೊತ್ತಿರುತ್ತದೆ. ಅವನು ಆ ಕಚೇರಿಯ ನೌಕರನಲ್ಲ. ಆದರೆ ದಿನಾ ಎಲ್ಲ ಟೇಬಲ್ಲಿಗೂ ಹೋಗಿ ಬಂದಿರುತ್ತಾನೆ. ಗೂಗಲ್ ಮಾಡುವುದೂ ಅದನ್ನೇ. ವೆಬ್‌ಸೈಟಿನ ಪುಟಗಳನ್ನೆಲ್ಲ ಮೊದಲೇ ಸುತ್ತಿ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೇ.

ರೀತಿ ಸಣ್ಣದು. ಗೂಗಲ್ ಡಬ್ಬಿಯಲ್ಲಿ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆಯಿರಿ. ಕೋಲನ್ ಹಾಕಿ. ಜಾಗ ಬಿಡದೆ ವೆಬ್‌ಸೈಟಿನ ವಿಳಾಸ ಬರೆಯಿರಿ. ವಿಳಾಸದ ಶುರುವಿನಲ್ಲಿರುವ ಎಚ್‌ಟಿಟಿಪಿ ಬೇಕಿಲ್ಲ. ಆಮೇಲೆ ಒಂದು ಸ್ಪೇಸ್ ಕೊಟ್ಟು ನಿಮಗೆ ಬೇಕಾದ ಪದ. ಗೂಗಲ್ ಊರೆಲ್ಲ ಅಲೆಯುವುದನ್ನು ಬಿಟ್ಟು ಆ ಒಂದೇ ಮನೆಯೊಳಗೆ ಹುಡುಕುತ್ತದೆ. ಬಿಂಗ್, ಡಕ್‌ಡಕ್‌ಗೋಗಳಲ್ಲೂ ಇದೇ ನಡೆಯುತ್ತದೆ. ಪಿಡಿಎಫ್ ಮಾತ್ರ ಬೇಕೆಂದರೆ ಫೈಲ್‌ಟೈಪ್, ಕೋಲನ್, ಪಿಡಿಎಫ್ ಎಂದು ಬಾಲ ಕಟ್ಟಬಹುದು. ಮುಗೀತು. ಎರಡು ನಿಮಿಷದ ವಿದ್ಯೆ.

ಈ ಎರಡು ನಿಮಿಷದ ವಿದ್ಯೆಯನ್ನು ಫೋನಿನಲ್ಲಿ ಶಹಾಪುರದ ಮಾಮಾಗೆ ಹೇಳಿಕೊಡುವಷ್ಟರಲ್ಲಿ ಕಲಬುರಗಿಯಲ್ಲಿ ನಮ್ಮ ಕೂಲರ್‌ನ ನೀರು ಖಾಲಿಯಾಗಿತ್ತು.

ಮೇ ತಿಂಗಳು. ನಮ್ಮ ಕಡೆ ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಮನುಷ್ಯರು ಹೊರಗೆ ಬರುವುದಿಲ್ಲ, ಫೋನ್ ಮಾಡುತ್ತಾರೆ. ಮಾಮಾ ನಿವೃತ್ತ ಹೆಡ್‌ಮಾಸ್ತರು. ಸಣ್ಣ ಮಗ ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಅದಕ್ಕೆ 371ಜೆ ಮೀಸಲಾತಿಯ, ಅಂದರೆ ಸಂವಿಧಾನದ ಆ ವಿಧಿಯಡಿ ನಮ್ಮ ಸೀಮೆಯವರಿಗೆ ಸಿಗುವ ಮೀಸಲಾತಿಯ, ಒಂದು ಸುತ್ತೋಲೆ, ಅದರ ಹಿಂದೆ ಅಂಟಿಸಿದ ನಮೂನೆ ಬೇಕಿತ್ತು. ಇಲಾಖೆಯ ಭೂತಗನ್ನಡಿ ಎಂದಿನಂತೆ ಕೈ ಎತ್ತಿತ್ತು. ನಾನೇ ಹುಡುಕಿ ಕಳಿಸುತ್ತೇನೆ ಅಂದರೆ ಮಾಮಾ ಕೇಳಲಿಲ್ಲ. ಮಾಸ್ತರ ಜೀವ, ಲೆಕ್ಕದ ಉತ್ತರ ಬೇಡ, ಲೆಕ್ಕ ಮಾಡುವ ರೀತಿ ಬೇಕು.

"ಎಸ್, ಐ, ಟಿ, ಇ ಹೊಡೀರಿ ಮಾಮಾ. ಆಮ್ಯಾಲ ಕೋಲನ್."

"ಕೋಲನ್ ಅಂದ್ರ?"

"ಎರಡು ಚುಕ್ಕಿ ರೀ. ಒಂದರ ಮ್ಯಾಲೊಂದು."

"ವಿಸರ್ಗ ಅನ್ನೋ ಮತ್ತ! ಅಷ್ಟೂ ಗೊತ್ತಾಗಂಗಿಲ್ಲೇನು ನನಗ?"

ಅಂದವರೇ ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ ಅಚ್ಚುಕಟ್ಟಾಗಿ ವಿಸರ್ಗ ಒತ್ತಿದರು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲದೆ ವಿಸರ್ಗಕ್ಕೆ ಹಿಂದೊಂದು ಕನ್ನಡ ಅಕ್ಷರ ಬೇಕು. ಇಂಗ್ಲಿಷ್ ಅಕ್ಷರದ ಪಕ್ಕ ಹೋಗಿ ನಿಂತರೆ ಅದು ಒಂಟಿ ಅಂತ ತೋರಿಸಲು ಮೊಬೈಲು ಚುಕ್ಕಿಗಳದ್ದೊಂದು ವೃತ್ತ ಬರೆಯುತ್ತದೆ.

"ತಮ್ಮಾ, ಇದರ ಬಾಜೂಕ ಒಂದು ಬಳಿ ಬಂದದಲ್ಲೋ. ಇದನ್ನ ನಾ ಒತ್ತಿಲ್ಲ."

ಬಳೆ ಅಳಿಸಿದ್ದಾಯಿತು. ಕೋಲನ್ ಸಿಕ್ಕಿತು. ಆಮೇಲೆ ಜಾಗದ ಜಗಳ. ಕೋಲನ್ ಆದ ಮೇಲೆ ಸ್ಪೇಸ್ ಕೊಡಬೇಡಿ ಅಂದರೆ ಮಾಮಾಗೆ ಒಪ್ಪಿಗೆಯಿಲ್ಲ. "ಚಿಹ್ನಿ ಆದಮ್ಯಾಲ ಜಾಗ ಬಿಡಬೇಕಂತ ಮಕ್ಕಳಿಗೆ ಬಡದು ಕಲಿಸೀನಿ. ಈಗ ನೀ ಬಿಡಬ್ಯಾಡ ಅಂತಿ." ಒಪ್ಪಿದ ಮೇಲೆ ಮೊಬೈಲಿಗೆ ಒಪ್ಪಿಗೆಯಿಲ್ಲ. ವಿಳಾಸದಲ್ಲಿ ಪ್ರತಿ ಚುಕ್ಕಿ ಆದೊಡನೆ ತಾನೇ ಒಂದು ಜಾಗ ಬಿಡುತ್ತಿತ್ತು. ಮಾಮಾಗೆ ಖುಷಿ. "ನೋಡು, ಇದಕ್ಕರೆ ವ್ಯಾಕರಣ ಗೊತ್ತದ."

ವಿಳಾಸ ಸರಿಯಾಯಿತು ಅನ್ನಿ. ಇನ್ನು ಊರಿನ ಹೆಸರು. ಇಲ್ಲಿ ಬೆಂಗಳೂರಿನವರಿಗೆ ಇಲ್ಲದ ಕಷ್ಟ ನಮಗಿದೆ ಎನ್ನುವಂತಿಲ್ಲ, ಅವರಿಗೂ ಇದೆ. ಆದರೆ ನಮಗೆ ಜಾಸ್ತಿ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ವಿಶ್ವವಿದ್ಯಾಲಯ ಇನ್ನೂ ಗುಲಬರ್ಗಾ. 2019ರಲ್ಲಿ ಶುರುವಾದ ವಿಮಾನ ನಿಲ್ದಾಣದ ಹೆಸರು ಕಲಬುರಗಿ, ಅದರ ಸಂಕೇತ ಮಾತ್ರ ಜಿಬಿಐ. ಇಂಗ್ಲಿಷಿನಲ್ಲಿ ಒಬ್ಬರು ಒಂದು ಎ ಹೆಚ್ಚು ಹಾಕುತ್ತಾರೆ, ಒಬ್ಬರು ಕಡಿಮೆ. ಕನ್ನಡದಲ್ಲಿ ಕಲಬುರ್ಗಿಯೂ ಉಂಟು, ಗುಲ್ಬರ್ಗವೂ ಉಂಟು. ಯಾದಗಿರಿಯವರದು ಇನ್ನೊಂದು ಕಥೆ. 2009ರ ಡಿಸೆಂಬರಿನಲ್ಲಿ ಅದು ಬೇರೆ ಜಿಲ್ಲೆಯಾಗುವ ತನಕ ಶಹಾಪುರ, ಸುರಪುರದ ಕಾಗದಗಳೆಲ್ಲ ಗುಲಬರ್ಗಾ ಜಿಲ್ಲೆಯ ಹೆಸರಿನಲ್ಲೇ ಹುಟ್ಟಿದವು. ಇಡೀ ಸೀಮೆಯೇ 2019ರವರೆಗೆ ಹೈದರಾಬಾದ್ ಕರ್ನಾಟಕ, ಆಮೇಲೆ ಕಲ್ಯಾಣ ಕರ್ನಾಟಕ. ಹೀಗಾಗಿ ನಮ್ಮ ಊರಿನ ಒಂದು ಕಾಗದ ಹುಡುಕಬೇಕಾದರೆ ಮೊದಲು ಆ ಕಾಗದಕ್ಕೆ ಎಷ್ಟು ವಯಸ್ಸಾಗಿರಬಹುದು ಎಂದು ಅಂದಾಜು ಮಾಡಬೇಕು. ಆಮೇಲೆ ಎರಡು ಹೆಸರುಗಳ ನಡುವೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಓಆರ್ ಎಂದು ಬರೆದರೆ, ಯಾವುದಿದ್ದರೂ ಬರಲಿ ಅಂತ ಅರ್ಥ. 371ಜೆ ಕೂಡ ಹಾಗೇ. ಒಬ್ಬರು ಜೆಯನ್ನು ಕಂಸದಲ್ಲಿ ಕೂರಿಸುತ್ತಾರೆ, ಒಬ್ಬರು ಅಡ್ಡಗೆರೆ ಎಳೆಯುತ್ತಾರೆ, ಒಬ್ಬರು ಹಾಗೇ ಅಂಟಿಸುತ್ತಾರೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದವರು ಟೈಪಿಂಗ್ ಹೇಗೆ ಮಾಡಬೇಕು ಅಂತಲೂ ಒಂದು ಸಾಲು ಸೇರಿಸಬಹುದಿತ್ತು.

ಮೊದಲ ಸುತ್ತಿನಲ್ಲಿ ಬಂದದ್ದೆಲ್ಲ ಟೆಂಡರ್. ಕುರ್ಚಿ ಟೆಂಡರ್, ಜೆರಾಕ್ಸ್ ಟೆಂಡರ್, ಜೀಪಿನ ಟೆಂಡರ್. ಬೇಡದ ಪದದ ಶುರುವಿಗೆ ಒಂದು ಮೈನಸ್ ಗುರುತು ಅಂಟಿಸಿದರೆ ಗೂಗಲ್ ಅದನ್ನು ಬಿಟ್ಟು ಹುಡುಕುತ್ತದೆ ಎಂದು ನಾನು ಹೇಳುವುದರೊಳಗೆ ಮಾಮಾ ತಮ್ಮ ಶೈಲಿಯಲ್ಲೇ ಬರೆದುಬಿಟ್ಟಿದ್ದರು: ದಯವಿಟ್ಟು ಟೆಂಡರ್ ಬೇಡ. ಟೆಂಡರ್ ಎಂಬ ಪದ ಕಂಡದ್ದೇ ತಡ, ಮೊದಲು ಅಡಗಿಕೊಂಡಿದ್ದ ಟೆಂಡರುಗಳೂ ಹೊರಗೆ ಬಂದವು. "ಇದಕ್ಕ ಮರ್ಯಾದಿ ಕೊಟ್ಟು ಮಾತಾಡಬಾರದು" ಎಂದು ಮಾಮಾ ತೀರ್ಮಾನಿಸಿದರು. ಅದು ಸರಿಯೇ. ಗೂಗಲ್ ಡಬ್ಬಿಯಲ್ಲಿ ದಯವಿಟ್ಟು ಅಂದರೆ ಅದು ದಯವಿಟ್ಟು ಎಂಬುದನ್ನೂ ಹುಡುಕಲು ಹೊರಡುತ್ತದೆ.

ಮುಂದಿನ ಸುತ್ತಿನಲ್ಲಿ ಸುತ್ತೋಲೆ ಸಿಕ್ಕಂತೆ ಕಂಡಿತು. ಮಾಮಾ ಒತ್ತಿದರು. ಹಳೆಯ ವಿಳಾಸ. ನಮ್ಮ ರಾಜ್ಯದ ಇಲಾಖೆಗಳ ವೆಬ್‌ಸೈಟ್‌ಗಳು ಮೊದಲು ಕರ್ ಡಾಟ್ ನಿಕ್ ಡಾಟ್ ಇನ್ ಎಂಬ ಓಣಿಯಲ್ಲಿದ್ದವು, ಈಗ ಕರ್ನಾಟಕ ಡಾಟ್ ಗವ್ ಡಾಟ್ ಇನ್‌ಗೆ ಮನೆ ಬದಲಿಸಿವೆ. ಹಳೆಯ ಬಾಗಿಲು ತಟ್ಟಿದರೆ 404.

"404 ಅಂತದ. ರೂಮ್ ನಂಬರೇನು?"

"ಅಲ್ರೀ ಮಾಮಾ. ಪುಟ ಇಲ್ಲ ಅಂತ ಅರ್ಥ."

"ಇಲ್ಲ ಅನ್ನಲಿಕ್ಕೆ ಇಷ್ಟು ದೊಡ್ಡ ನಂಬರ್ ಯಾಕ ಬೇಕು?"

ಮೊದಲೆಲ್ಲ ಗೂಗಲ್ ತಾನು ನೋಡಿದ ಪುಟದ ನಕಲನ್ನು ಇಟ್ಟುಕೊಂಡು ನಮಗೂ ತೋರಿಸುತ್ತಿತ್ತು. 2024ರಲ್ಲಿ ಆ ಕೊಂಡಿಯನ್ನು ತೆಗೆದುಹಾಕಿತು. ಈಗ ಸತ್ತ ಪುಟ ನೋಡಬೇಕೆಂದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಹೋಗಿ ಹಳೆಯ ವಿಳಾಸ ಕೊಡಬೇಕು. ಅಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಮಾಮಾಗೆ ಹೇಳಲಿಲ್ಲ. ವಿಳಾಸವನ್ನು ಮತ್ತೊಮ್ಮೆ ಅಕ್ಷರ ಅಕ್ಷರ ಹೇಳುವಷ್ಟು ಚಾರ್ಜ್ ಫೋನಿನಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ.

ನಿಜವಾದ ಗೋಡೆ ಇರುವುದು ಬೇರೆ ಕಡೆ. ಕನ್ನಡದಲ್ಲಿ ಹುಡುಕುವವರೆಲ್ಲ ಒಂದಿಲ್ಲ ಒಂದು ದಿನ ಅದಕ್ಕೆ ಹಣೆ ಚಚ್ಚಿಕೊಳ್ಳುತ್ತಾರೆ. ಹಳೆಯ ಸುತ್ತೋಲೆಗಳನ್ನು, ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತವಾದ ಯುನಿಕೋಡ್ ಇಲ್ಲಿ ಬಳಕೆಗೆ ಬರುವುದಕ್ಕೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಪಿಡಿಎಫ್ ತೆರೆದರೆ ಚಂದದ ಕನ್ನಡ. ಒಳಗೆ ಕೂತಿರುವುದು ಮಾತ್ರ ತಲೆಗೆ ಟೊಪ್ಪಿಗೆ, ಬಾಲಕ್ಕೆ ಕೊಕ್ಕೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ಗೂಗಲ್ ಓದುವುದು ಆ ಒಳಗಿನದನ್ನು. ನೀವು ಯುನಿಕೋಡಿನಲ್ಲಿ ಸುತ್ತೋಲೆ ಎಂದು ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ. ಸುತ್ತೋಲೆ ಅಲ್ಲೇ ಇದೆ, ಕನ್ನಡದಲ್ಲೇ ಇದೆ, ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇದಕ್ಕೊಂದು ಉಪಾಯವಿದೆ. ಅಕ್ಷರ ಕೆಟ್ಟರೂ ಅಂಕಿ ಕೆಡುವುದಿಲ್ಲ. ಸರಕಾರದ ಯಾವ ಪತ್ರವೂ ತಾನಾಗಿ ಮಾತಾಡುವುದಿಲ್ಲ. ಮೇಲೆ ಉಲ್ಲೇಖ ಅಂತ ಬರೆದು ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಹೇಳಿಯೇ ಮುಂದೆ ಹೋಗುತ್ತದೆ. ಆ ದಿನಾಂಕವನ್ನು ಪತ್ರದಲ್ಲಿರುವ ಹಾಗೆಯೇ, ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಸೈಟ್, ಕೋಲನ್, ವಿಳಾಸ ಆದ ಮೇಲೆ ಬರೆದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಮಗನ ಅರ್ಜಿಯ ಸೂಚನೆಯಲ್ಲಿ ಉಲ್ಲೇಖ ಇತ್ತು. ಮಾಮಾ ಓದಿದರು, ಹೊಡೆದರು, ಒತ್ತಿದರು. ಬಂತು!

ಆದೇಶದ ಪುಟ ನೆಟ್ಟಗಿತ್ತು. ಹಿಂದೆ ಅಂಟಿಸಿದ ನಮೂನೆ ಸ್ಕ್ಯಾನ್ ಮಾಡಿದ್ದು, ಅಡ್ಡಡ್ಡ ಮಲಗಿತ್ತು. ಮಾಮಾ ಮೊಬೈಲನ್ನು ಅಡ್ಡ ಹಿಡಿದರು. ಪುಟವೂ ಮೊಬೈಲಿನ ಜೊತೆ ತಿರುಗಿತು. ಉದ್ದ ಹಿಡಿದರು. ಅದೂ ಎದ್ದು ನಿಂತು ಮತ್ತೆ ಅಡ್ಡವಾಯಿತು. ತಿರುಗದಂತೆ ಲಾಕ್ ಮಾಡುವ ಗುಂಡಿ ಎಲ್ಲಿದೆ ಎಂದು ನಾನು ಹೇಳುತ್ತಿದ್ದರೆ ಆ ಕಡೆಯಿಂದ ಹೊರಸಿನ ಕಿರಕಿರ ಸದ್ದು ಬಂತು. ಮಾಮಾ ಮೊಬೈಲನ್ನು ಹೊರಸಿನ ಮೇಲಿಟ್ಟು ತಾವೇ ಮಗ್ಗುಲಾಗಿ ಮಲಗಿ ಓದುತ್ತಿದ್ದರು. ಅತ್ತಿ ಬಂದು ಮೈಗೆ ಆರಾಮಿಲ್ಲೇನು ಎಂದು ಕೇಳಿದ್ದೂ ಕೇಳಿಸಿತು.

ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದು: ಆ ನಮೂನೆ ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿನ ಹುಡುಗನ ಹತ್ತಿರ ಮೊದಲಿನಿಂದಲೂ ಇತ್ತಂತೆ. ಡೆಸ್ಕ್‌ಟಾಪ್ ಮೇಲೆ ನ್ಯೂ ಫೋಲ್ಡರ್ ಅಂತ ಹೆಸರಿನ ಫೋಲ್ಡರಿನೊಳಗೆ. ಅಂಥವು ಗೂಗಲ್‌ಗೂ ಕಾಣುವುದಿಲ್ಲ. ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕಾದ ಪುಟಗಳೂ ಕಾಣುವುದಿಲ್ಲ, ಇವತ್ತು ಬೆಳಿಗ್ಗೆ ಏರಿಸಿದ ಪುಟ ಸಂಜೆಗೆ ಕಂಡೇ ಕಾಣುತ್ತದೆ ಎಂದೂ ಇಲ್ಲ.

ಮಗನ ಅರ್ಜಿ ಹೋಯಿತು. ಮಾಮಾಗೆ ಹತ್ತಿದ ಚಟ ಹೋಗಲಿಲ್ಲ. ಈಗ ಕೋಲನ್ ಅವರ ಬೆರಳ ತುದಿಯಲ್ಲಿದೆ. ಬೀಗರ ಊರಿನ ಪಂಚಾಯಿತಿಗೆ ಎಷ್ಟು ಹಣ ಬಂದಿದೆ, ಯಾರ ಶಾಲೆಗೆ ಎಷ್ಟು ಕೋಣೆ ಮಂಜೂರಾಗಿವೆ, ಎಲ್ಲ ಹುಡುಕುತ್ತಾರೆ. ಮೊನ್ನೆ ಸಂಜೆ ಫೋನ್ ಬಂತು. ದನಿ ಬೇರೆಯೇ ಇತ್ತು. ತಮ್ಮ ಹೆಸರನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದ್ದಾರೆ. ತಾವು ನೌಕರಿಯಲ್ಲಿದ್ದ ಕಾಲದ ಒಂದು ಸೀನಿಯಾರಿಟಿ ಲಿಸ್ಟ್ ಸಿಕ್ಕಿದೆ. ಪುಣ್ಯಕ್ಕೋ ಪಾಪಕ್ಕೋ ಇಂಗ್ಲಿಷಿನಲ್ಲಿತ್ತು.

"ತಮ್ಮಾ, ನನಗಿಂತ ಹಿಂದ ಬಂದವನ ಹೆಸರು ನನ್ನ ಮ್ಯಾಲ ಅದ."

"ರಿಟೈರ್ ಆಗಿ ಎಷ್ಟು ದಿನ ಆತ್ರಿ ಮಾಮಾ. ಈಗ್ಯಾಕ?"

"ಎಷ್ಟಾದ್ರ ಏನಾತು? ಮಾಹಿತಿ ಹಕ್ಕಿನ ಕಾಯ್ದೆ ಅದ. ಹತ್ತು ರೂಪಾಯಿ ಕಟ್ಟಿ ಕೇಳ್ತೀನಿ. ಆ ಅರ್ಜಿ ನಮೂನಿ ಯಾವ ವೆಬ್‌ಸೈಟಿನ್ಯಾಗ..." ಎಂದವರು ತಡೆದರು. "ಬ್ಯಾಡ, ನೀ ಹೇಳಬ್ಯಾಡ. ನಾನೇ ತಗೀತೀನಿ."

ಫೋನ್ ಇಟ್ಟರು.