ಲೇಬಲ್ ಮೇಲೆ 40, ಮೈಮೇಲೆ 38

ಒಂದೇ ಕಂಪನಿಯ ಎರಡು ಫ್ಲಾನೆಲ್ ಶರ್ಟು, ಮೆತ್ತನೆ ಬೆಚ್ಚನೆ ಬಟ್ಟೆಯವು. ಎರಡರ ಕಾಲರ್ ಒಳಗೂ 40 ಅಂತ ಬರೆದಿದೆ. ಎರಡೂ ರೆಗ್ಯುಲರ್ ಫಿಟ್, ಬಣ್ಣ ಮಾತ್ರ ಬೇರೆ. ಕೆಂಪು ಚೆಕ್ಸಿನದು ಒಳಗೆ ಟೀ ಶರ್ಟ್ ಇದ್ದರೂ ಆರಾಮಾಗಿ ಕೂರುತ್ತದೆ. ಹಸಿರಿನದು ಬರೀ ಬನಿಯನ್ ಮೇಲೆ ಹಾಕಿದರೂ ಎದೆಯ ಹತ್ತಿರ ಗುಂಡಿ ಎಳೆಯುತ್ತದೆ. ಟೇಪ್ ಹಿಡಿದು ಅಳೆದೆ. ಕಂಕುಳಿಂದ ಕಂಕುಳಿಗೆ ಒಂದು ಇಂಚು ಕಮ್ಮಿ. ಅಂದರೆ ಸುತ್ತಳತೆಯಲ್ಲಿ ಎರಡು ಇಂಚು ಕಮ್ಮಿ, ಪೂರ್ತಿ ಒಂದು ಸೈಜು! 38ರ ಶರ್ಟಿಗೆ 40ರ ಲೇಬಲ್ ಹೊಲಿದು ಕೊಟ್ಟಂತಾಯಿತು, ಅಲ್ವಾ?

ವಾಪಸ್ ತೆಗೆದುಕೊಂಡು ಹೋದರೆ ಅಂಗಡಿಯವನು ಮರಾಠಿಯಲ್ಲಿ ‘ವಾಪರಲ್ಯಾವರ್ ಸೈಲ್ ಹೋಯೀಲ್’ ಅನ್ನುತ್ತಾನೆ. ಹಾಕ್ತಾ ಹಾಕ್ತಾ ಸಡಿಲ ಆಗುತ್ತಂತೆ. ಹತ್ತಿ ಫ್ಲಾನೆಲ್ ಒಗೆದರೆ ಕುಗ್ಗುತ್ತದೆ ಹೊರತು ಹಿಗ್ಗುವುದಿಲ್ಲ, ಇದು ಬಟ್ಟೆ ಮಾರುವವನಿಗೆ ಗೊತ್ತಿಲ್ಲವೇ? ಪಕ್ಕದಲ್ಲಿದ್ದ ಇನ್ನೊಬ್ಬ ನನ್ನ ಹೊಟ್ಟೆ ನೋಡಿ ‘ಸರ್, ನೀವು ಸ್ವಲ್ಪ ದಪ್ಪ ಆಗಿರಬೇಕು’ ಅಂದ. ಕೆಂಪು ಶರ್ಟಿಗೆ ಸರಿಹೋಗುವ ಮೈ ಹಸಿರು ಶರ್ಟಿಗೆ ಮಾತ್ರ ದಪ್ಪ ಆಗುವುದು ಹೇಗೆ? ಸಿಟ್ಟು ಬರುವುದು ಇಲ್ಲೇ. ತಪ್ಪು ಅವರ ಕತ್ತರಿಯದು, ಬೈಸಿಕೊಳ್ಳುವುದು ನಮ್ಮ ಮೈ.

ಪುಣೆಯಲ್ಲಿ ಫ್ಲಾನೆಲ್ ಯಾಕೆ ಬೇಕು ಅಂತ ಊರಿನವರು ಕೇಳುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಿಗ್ಗೆ ಬೈಕ್ ಮೇಲೆ ಹಿಂಜವಡಿ ಕಡೆ ಹೋಗಿ ನೋಡಿ, ಗೊತ್ತಾಗುತ್ತದೆ. ಕೆಲವು ದಿನ ರಾತ್ರಿ ಉಷ್ಣಾಂಶ 10 ಡಿಗ್ರಿ ಹತ್ತಿರ ಇಳಿಯುತ್ತದೆ, ಮಧ್ಯಾಹ್ನ ಮತ್ತೆ ಬಿಸಿಲು ಸುಡುತ್ತದೆ. ಜಾಕೆಟ್ ಹಾಕಿದರೆ ಮಧ್ಯಾಹ್ನ ಬೇಯಬೇಕು. ಟೀ ಶರ್ಟಿನ ಮೇಲೆ ಫ್ಲಾನೆಲ್ ಹಾಕಿ, ಬಿಸಿಲೇರಿದ ಮೇಲೆ ತೆಗೆದು ಬ್ಯಾಗಿಗೆ ತುರುಕುವುದೇ ಈ ಊರಿಗೆ ಸರಿ. ಫ್ಲಾನೆಲ್ ಬಟ್ಟೆಯ ಮೇಲ್ಮೈಯನ್ನು ತಂತಿ ಬ್ರಷ್‌ಗಳಿಂದ ಉಜ್ಜಿ ನೂಲಿನ ಎಳೆಗಳನ್ನು ಎಬ್ಬಿಸಿರುತ್ತಾರೆ, ಆ ನವಿರು ಜುಂಗಿನಲ್ಲಿ ಗಾಳಿ ನಿಲ್ಲುತ್ತದೆ, ಅದಕ್ಕೇ ಬೆಚ್ಚಗೆ. ಆದರೆ ಅದೇ ಜುಂಗು ಒಳಗಿನ ಟೀ ಶರ್ಟಿಗೆ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಅಂದಮೇಲೆ ಭುಜಕ್ಕೂ ತೋಳಿಗೂ ಮಾಮೂಲಿ ಶರ್ಟಿಗಿಂತ ಜಾಸ್ತಿ ಜಾಗ ಬಿಡಬೇಕು. ಇವರು ತೆಳು ಪಾಪ್ಲಿನ್ ಶರ್ಟಿನ ಪ್ಯಾಟರ್ನ್ ಇಟ್ಟುಕೊಂಡೇ ಫ್ಲಾನೆಲನ್ನೂ ಕತ್ತರಿಸುತ್ತಾರೆ ಅಂತ ನನಗೆ ಬಲವಾದ ಅನುಮಾನ. ಹ್ಯಾಂಡಲ್ ಹಿಡಿಯಲು ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯುತ್ತದೆ, ತೋಳು ಮೇಲೇರುತ್ತದೆ, ಮಣಿಕಟ್ಟಿಗೆ ತಣ್ಣನೆ ಗಾಳಿ ಹೊಡೆಯುತ್ತದೆ. ಇದಕ್ಕಾ ದುಡ್ಡು ಕೊಟ್ಟಿದ್ದು?

ಕಾರಣ ಏನೂ ಗುಟ್ಟಲ್ಲ. ಕಾರ್ಖಾನೆಯಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಅಟ್ಟಿ ದಪ್ಪ ಆದಷ್ಟೂ ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ವ್ಯತ್ಯಾಸ ಬರುತ್ತದೆ, ಫ್ಲಾನೆಲ್‌ನಂಥ ಮೆತ್ತನೆ ಬಟ್ಟೆಯಲ್ಲಂತೂ ಇನ್ನೂ ಸುಲಭ. ಹೊಲಿಗೆಯಲ್ಲಿ ಒಂದಿಷ್ಟು ಹೋಗುತ್ತದೆ. ಕಂಪನಿ ಹೆಸರು ಒಂದೇ ಇದ್ದರೂ ಒಂದು ಬಣ್ಣ ಒಂದು ಕಾರ್ಖಾನೆಯಲ್ಲಿ, ಇನ್ನೊಂದು ಬೇರೆ ಕಡೆ ತಯಾರಾಗಿರಬಹುದು. ಸ್ವಲ್ಪ ಆಚೆ ಈಚೆ ಆದರೆ ಪಾಸು ಅನ್ನುವುದು ಈ ಉದ್ಯಮದ ಒಪ್ಪಿತ ಲೆಕ್ಕ. ಒಂದು ಶರ್ಟು ಆಚೆಗೆ, ಇನ್ನೊಂದು ಈಚೆಗೆ ಸರಿದರೆ ಮಧ್ಯದಲ್ಲಿ ಸಿಕ್ಕಿಕೊಳ್ಳುವವರು ನಾವು. ಸ್ವಲ್ಪ ವ್ಯತ್ಯಾಸ ನಾನೂ ಒಪ್ಪುತ್ತೇನೆ. ಎರಡು ಇಂಚು ಒಪ್ಪಲ್ಲ.

ಇನ್ನು ಕುಗ್ಗುವ ಕಥೆ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಒಗೆದಾಗ ಶೇ. 3ರಿಂದ 5ರಷ್ಟು ಕುಗ್ಗುವುದು ಮಾಮೂಲಿ. ಶೇ. 4 ಅಂದುಕೊಳ್ಳಿ: 64 ಸೆಂಟಿಮೀಟರ್ ತೋಳಿನಲ್ಲಿ ಎರಡೂವರೆ ಸೆಂಟಿಮೀಟರ್ ಹೋಯಿತು. ಬಟ್ಟೆಯನ್ನು ಕತ್ತರಿಸುವ ಮೊದಲೇ ಯಂತ್ರದಲ್ಲಿ ಕುಗ್ಗಿಸುವ ಸ್ಯಾನ್ಫೊರೈಜಿಂಗ್ ವಿಧಾನ 1930ರ ದಶಕದಿಂದಲೂ ಇದೆ. ಇಷ್ಟು ವರ್ಷದ ಮೇಲೂ ಒಗೆದು ಒಣಗಿಸಿದ ಶರ್ಟು ಮೊಣಕೈ ಕಡೆ ಓಡಿಬಂದರೆ ಅದು ಉಳಿತಾಯದ ದುರಾಸೆ, ಬೇರೆ ಏನಲ್ಲ. ಒಗೆದ ಮೇಲೆ ವಾಪಸ್ ತಗೊಳ್ಳಲ್ಲ ಅನ್ನುವ ಷರತ್ತು ಬೇರೆ!

ಬೆಳಗಾವಿ ಕಡೆಯ ನನ್ನ ರೂಮ್‌ಮೇಟ್ ಉದ್ದಕ್ಕೆ ಇದ್ದಾನೆ, ಸಣಕಲು ಮೈ. ಎಲ್ ತಗೊಂಡರೆ ತೋಳು ಗಿಡ್ಡ. ಎಕ್ಸೆಲ್ ತಗೊಂಡರೆ ಎದೆ, ಹೊಟ್ಟೆ ಎಲ್ಲ ಗೋಣಿಚೀಲ. ತೋಳಿನ ಉದ್ದ ಎಷ್ಟು ಅಂತ ಲೇಬಲ್‌ನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರ್‌ನಲ್ಲೂ ಅಳತೆ ಹಾಕಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಕಂಪನಿಯವರು ‘102 ಸೆಂ.ಮೀ.’ ಅಂತ ಒಂದು ಅಂಕಿ ಅಚ್ಚು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ನನ್ನ ಎದೆಯ ಅಳತೆಯೋ ಶರ್ಟಿನದೋ? ಒಬ್ಬೊಬ್ಬರದು ಒಂದೊಂದು. ಭಾರತೀಯರ ಮೈಕಟ್ಟಿಗೆ ತಕ್ಕ ಸೈಜ್ ಚಾರ್ಟ್ ಬೇಕು ಅಂತ ಫ್ಯಾಷನ್ ತಂತ್ರಜ್ಞಾನ ಕಲಿಸುವ ನಿಫ್ಟ್ ಸಂಸ್ಥೆ ಮುಂಬೈ, ಬೆಂಗಳೂರು ಸೇರಿ ಆರು ನಗರಗಳಲ್ಲಿ ಸುಮಾರು 25,000 ಜನರನ್ನು ತ್ರಿಡಿ ಸ್ಕ್ಯಾನರ್‌ನಿಂದ ಅಳೆಯುವ ಇಂಡಿಯಾಸೈಜ್ ಯೋಜನೆ ಹಾಕಿಕೊಂಡಿತು. ಒಳ್ಳೆಯ ಕೆಲಸ, ಮನಸಾರೆ ಸ್ವಾಗತ. ಆದರೆ ಚಾರ್ಟ್ ಎಷ್ಟೇ ಚೆನ್ನಾಗಿರಲಿ, ಕತ್ತರಿಸುವವರು ಅದಕ್ಕೆ ಬದ್ಧರಾಗದಿದ್ದರೆ ನನ್ನ ಹಸಿರು ಶರ್ಟು ಹೀಗೇ ಇರುತ್ತದೆ.

ಪುಣೆಯ ಕ್ಯಾಂಪ್ ಪ್ರದೇಶದ ಫ್ಯಾಷನ್ ಸ್ಟ್ರೀಟ್ ಬಟ್ಟೆ ಬಜಾರಿನ ಮೇಲೆ ನನಗೆ ಇಷ್ಟು ಕೋಪ ಇಲ್ಲ. ಅಲ್ಲಿ ಲೇಬಲ್ ನಂಬಿ ಅಂತ ಯಾರೂ ಹೇಳುವುದಿಲ್ಲ. ಭುಜಕ್ಕೆ ಹಿಡಿದು ನೋಡು, ಸರಿಹೋದರೆ ತಗೋ. ನಾಲ್ಕು ಪಟ್ಟು ದುಡ್ಡು ತಗೊಂಡು, ಎಸಿ ಹಾಕಿ, 40 ಅಂತ ಅಚ್ಚು ಹಾಕಿ ಮಾರುವವರಿಗಾದರೂ ಆ 40ಕ್ಕೆ ಜವಾಬ್ದಾರಿ ಇರಬೇಡವೇ? ಎದೆ, ಭುಜ, ತೋಳು, ಉದ್ದ, ಈ ನಾಲ್ಕನ್ನು ಒಗೆದ ಮೇಲೆ ಅಳೆದು ಬರೆಯಿರಿ. ಅಷ್ಟೇ ಕೇಳುತ್ತಿರುವುದು.

ಸದ್ಯಕ್ಕೆ ಸಿದ್ಧ ಶರ್ಟಿನ ಸಹವಾಸ ಸಾಕು. ಪುಣೆಯಲ್ಲಿ ಒಳ್ಳೆಯ ಹತ್ತಿ ಫ್ಲಾನೆಲ್ ಮೀಟರ್ ಲೆಕ್ಕದಲ್ಲಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ. ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ, ಆಮೇಲೆ ಚೆಕ್ಸ್ ಕೂಡುವ ಹಾಗೆ ಹೊಲಿಯುವ ದರ್ಜಿ ಇದ್ದರೆ ಅದನ್ನೂ ತಿಳಿಸಿ. ಕೋಥ್ರೂಡ್ ಕಡೆ ಆದರೆ ಒಳ್ಳೆಯದು, ದೂರ ಆದರೂ ಬರುತ್ತೇನೆ.